ಆತ್ಮಹತ್ಯೆ ತಡೆ ಕುರಿತು ಸರ್ವೆ ಮಾಡುವ ವಿದ್ಯಾರ್ಥಿಗಳಿಗೆ: ಮಾಡಬೇಕಾದ್ದು, ಮಾಡಬಾರದ್ದು

ಎಂಎಸ್‌ಡಬ್ಲ್ಯು, ಸೈಕಾಲಜಿ ಪ್ರಾಜೆಕ್ಟಿಗೆ ಈ ವಿಷಯ ಆರಿಸಿಕೊಂಡವರು ಪ್ರಶ್ನಾವಳಿ ಹಂಚುವ ಮೊದಲೇ ಇದನ್ನು ಓದತಕ್ಕದ್ದು.

ಮಾಡಬೇಕಾದ್ದು

ಎಥಿಕ್ಸ್ ಕಮಿಟಿಯ ಲಿಖಿತ ಒಪ್ಪಿಗೆ ಮೊದಲು, ಜೆರಾಕ್ಸ್ ಆಮೇಲೆ. ಪಿಯು ಮಕ್ಕಳಿಗೆ 18 ತುಂಬಿರದಿದ್ದರೆ ಪೋಷಕರ ಸಹಿಯೂ ಬೇಕು, ಮಕ್ಕಳ ಒಪ್ಪಿಗೆಯೂ ಬೇಕು.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಬಳಸುವವರು ಅದರ ಒಂಬತ್ತನೇ ಪ್ರಶ್ನೆಯನ್ನು ಎರಡು ಸಲ ಓದಿಕೊಳ್ಳಿ. ಕಳೆದ ಎರಡು ವಾರಗಳಲ್ಲಿ ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಎಷ್ಟು ಸಲ ಬಂತು ಎಂದು ಅದು ಕೇಳುತ್ತದೆ. ಉತ್ತರಕ್ಕೆ 0ಯಿಂದ 3 ಅಂಕ. ಯಾರಾದರೂ 1 ಎಂದು ಗುರುತು ಹಾಕಿದರೂ ಸರಿ, ಆ ವಿದ್ಯಾರ್ಥಿ ಮನೆಗೆ ಹೋಗುವ ಮುಂಚೆ ಕೌನ್ಸೆಲರ್ ಜತೆ ಮಾತಾಡಿಸಿ. ಒಟ್ಟು ಅಂಕ ಕಡಿಮೆಯಿದೆ ಎಂದು ಸುಮ್ಮನಾಗುವಂತಿಲ್ಲ. ಕೌನ್ಸೆಲರ್ ಕಾಲೇಜಿಗೆ ಬರುವ ದಿನವೇ ಸರ್ವೆ ಇಟ್ಟುಕೊಳ್ಳಿ. ಜೀವಕ್ಕೆ ಅಪಾಯವೆನಿಸಿದರೆ ವಿಷಯವನ್ನು ಯಾರಿಗೆ ತಿಳಿಸುತ್ತೀರಿ ಎಂಬುದು ಒಪ್ಪಿಗೆ ಪತ್ರದಲ್ಲೇ ಇರಲಿ.

ಪ್ರತಿ ಹಾಳೆಯ ಕೆಳಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ ನಂಬರು 14416 ಅಚ್ಚಾಗಿರಬೇಕು. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಾಡಬಾರದ್ದು

ಹೆಸರಿಲ್ಲದ ಗೂಗಲ್ ಫಾರ್ಮಿನಲ್ಲಿ ಒಂಬತ್ತನೇ ಪ್ರಶ್ನೆ ಹಾಕಿ, ಲಿಂಕನ್ನು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬಿಟ್ಟು, ಪರೀಕ್ಷೆ ಮುಗಿದ ಮೇಲೆ ಎಕ್ಸೆಲ್ ತೆರೆಯುವುದು ಸಲ್ಲದು. ಇದೊಂದೇ ಕಾರಣಕ್ಕೆ ಪ್ರಾಜೆಕ್ಟು ವಾಪಸ್ ಬರುತ್ತದೆ. ಹೆಸರು ಬೇಡವೆಂದರೆ ಬೇರೆ ಕೇಳಿ: ಮನಸ್ಸು ಕೆಟ್ಟಾಗ ಯಾರ ಹತ್ತಿರ ಹೋಗುತ್ತೀರಿ, ಕೌನ್ಸೆಲರ್ ಕೋಣೆ ಎಲ್ಲಿದೆ ಗೊತ್ತೇ? ನಮ್ಮನ್ನು ಕೇಳಿದರೆ, ಇದೇ ಹೆಚ್ಚು ಉಪಯೋಗದ ಪ್ರಾಜೆಕ್ಟು.

ಆತ್ಮಹತ್ಯೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ಹೆದರಿ ಪ್ರಶ್ನೆ ಕೈಬಿಡಬೇಡಿ. ಈವರೆಗಿನ ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ.

ಆತ್ಮಹತ್ಯೆಯ ವಿಧಾನ ಕೇಳಬೇಡಿ, ವರದಿಯಲ್ಲಿ ಬರೆಯಲೂಬೇಡಿ. ಈಚೆಗೆ ಸಹಪಾಠಿಯನ್ನು ಕಳೆದುಕೊಂಡ ತರಗತಿಗೆ ಪ್ರಶ್ನಾವಳಿ ಹಿಡಿದು ಹೋಗಬೇಡಿ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) 2022ರ ವರದಿಯಂತೆ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ಅಂಕಿ ಬಳಸಿ. ಆದರೆ ಅದರ ‘ಕಾರಣ’ದ ಕಾಲಂ ಪೊಲೀಸ್ ದಾಖಲೆಯಿಂದ ಬಂದದ್ದು; ‘ಫೇಲಾದ, ಅದಕ್ಕೇ ಸತ್ತ’ ಎಂಬ ಒಂದೇ ಸಾಲಿನ ತೀರ್ಪು ನಿಮ್ಮ ವರದಿಯಲ್ಲಿ ಬೇಡ.

ಉತ್ತರ ಕೇಳಿ ಕೇಳಿ ನಿಮಗೇ ಭಾರವಾದರೆ ಆವತ್ತಿಗೆ ನಿಲ್ಲಿಸಿ, ಗೈಡ್‌ಗೆ ಹೇಳಿ. ಸ್ಯಾಂಪಲ್ ಕಡಿಮೆಯಾಯಿತೆಂದು ವೈವಾದಲ್ಲಿ ಅಂಕ ಕಡಿಯುವುದಿಲ್ಲ.