ಬಿಸಿಲು ಮತ್ತು ಕೆಸರು: ಒಂದು ಪೀಠಿಕೆ ಕಲಿಸಿದ ಪಾಠ

ಅಭ್ಯಾಸ ಬೋಧನೆಯ ಮೂರನೇ ವಾರ, ಹತ್ತನೇ ತರಗತಿಗೆ ಪರಮಾಣು ಶಕ್ತಿಯ ಪಾಠ. ಪೀಠಿಕೆಗೆ ನಾನು ಆರಿಸಿಕೊಂಡದ್ದು 2019ರ ‘ಚೆರ್ನೋಬಿಲ್’ ಟಿ.ವಿ. ಧಾರಾವಾಹಿಯ ಒಂದು ಸನ್ನಿವೇಶ. ಮಕ್ಕಳಿಗೆ ತೋರಿಸುವಂಥದ್ದಲ್ಲ, ಆದ್ದರಿಂದ ಕಥೆಯಾಗಿ ಹೇಳಿದೆ.

1986ರ ಏಪ್ರಿಲ್ 26ರಂದು ಅಣುಸ್ಥಾವರದ ಬೆಂಕಿ ಆರಿಸಲು ಹೋದ ವಾಸಿಲಿ ಮಾಸ್ಕೋದ ಆಸ್ಪತ್ರೆಯಲ್ಲಿದ್ದಾನೆ. ಮುಟ್ಟಬೇಡ ಎಂದರೂ ಗರ್ಭಿಣಿ ಹೆಂಡತಿ ಲುದ್ಮಿಲಾ ಅವನನ್ನು ಅಪ್ಪಿಕೊಳ್ಳುತ್ತಾಳೆ. ಅವನ ಮೈ ಕಣ್ಣೆದುರೇ ಹಾಳಾಗುತ್ತಿದ್ದರೂ ಹಾಸಿಗೆ ಬಿಟ್ಟು ಕದಲುವುದಿಲ್ಲ. ಕೊನೆಗೆ ಶವಪೆಟ್ಟಿಗೆಯ ಮೇಲೆ ಕಾಂಕ್ರೀಟ್ ಸುರಿಯುವಾಗ ಅವನ ಬೂಟುಗಳನ್ನು ಹಿಡಿದು ನಿಂತಿರುತ್ತಾಳೆ. ಹುಟ್ಟಿದ ಮಗುವೂ ಉಳಿಯುವುದಿಲ್ಲ. “ತಂದೆಯ ಮೈಯಿಂದ ಬಂದ ವಿಕಿರಣವನ್ನು ಮಗು ಹೀರಿಕೊಂಡಿತು” ಎಂದು ಧಾರಾವಾಹಿಯಲ್ಲಿದ್ದುದನ್ನೇ ನಾನೂ ಹೇಳಿದೆ. ತರಗತಿ ನಿಶ್ಶಬ್ದವಾಯಿತು. ಪೀಠಿಕೆ ಗೆದ್ದಿತೆಂದುಕೊಂಡೆ.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ಬಂದಳು. “ಮಿಸ್, ನಮ್ಮಮ್ಮಂಗೆ ಕರೆಂಟ್ ಕೊಡಿಸ್ತಾ ಇದೀವಿ. ನಾನು ಪಕ್ಕದಲ್ಲಿ ಮಲಗಬಾರ್ದಾ?”

ಕ್ಯಾನ್ಸರಿನ ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ‘ಕರೆಂಟ್’ ಎನ್ನುತ್ತಾರೆ. “ನಾಳೆ ಹೇಳ್ತೀನಿ” ಎಂದುಬಿಟ್ಟೆ. ಆ ರಾತ್ರಿ ಅವಳು ಎಲ್ಲಿ ಮಲಗಿದಳೋ ಎಂಬ ಚಿಂತೆಗೆ ನನಗೆ ನಿದ್ದೆ ಬರಲಿಲ್ಲ.

ಮರುದಿನ ಮಾರ್ಗದರ್ಶಕ ಶಿಕ್ಷಕರ ಸಹಾಯದಿಂದ ಪಾಠವನ್ನು ತಿದ್ದಿದೆ. ಕಪ್ಪುಹಲಗೆಯ ಮೇಲೆ ಎರಡು ಕಾಲಂ: ಬಿಸಿಲು, ಕೆಸರು. ಬಿಸಿಲಲ್ಲಿ ನಿಂತವನ ಚರ್ಮ ಸುಡುತ್ತದೆ, ಅವನನ್ನು ಮುಟ್ಟಿದವರಿಗೆ ಸುಡದು. ಕೆಸರು ಮೆತ್ತಿಕೊಂಡವನನ್ನು ಮುಟ್ಟಿದರೆ ನಮಗೂ ಅಂಟುತ್ತದೆ, ತೊಳೆದರೆ ಹೋಗುತ್ತದೆ. ವಿಕಿರಣಕ್ಕೆ ಒಳಗಾಗುವುದು ಬಿಸಿಲಿನಂತೆ, ವಿಕಿರಣಶೀಲ ಧೂಳು ಮೆತ್ತುವುದು ಕೆಸರಿನಂತೆ. ವಾಸಿಲಿಯ ಬಟ್ಟೆಯಲ್ಲಿ ಧೂಳಿತ್ತು. ಬಟ್ಟೆ ತೆಗೆದು ಮೈ ತೊಳೆದ ಮೇಲೆ ಹೆಚ್ಚಿನ ಅಪಾಯ ಅವನಿಗೇ: ಅಸ್ಥಿಮಜ್ಜೆ ಹಾಳಾಗಿ ಬಿಳಿ ರಕ್ತಕಣಗಳು ಕುಸಿದಾಗ, ನೋಡಲು ಬಂದವರಿಂದ ರೋಗಿಗೆ ಸೋಂಕು ತಗುಲುತ್ತದೆ. ಮಗುವಿನ ಬಗ್ಗೆ ನಾನು ಹೇಳಿದ್ದಕ್ಕೆ ವಿಜ್ಞಾನದ ಆಧಾರವಿಲ್ಲವೆಂದು ಒಪ್ಪಿಕೊಂಡೆ.

ಹೊರಗಿನ ಯಂತ್ರದಿಂದ ಕೊಡುವ ‘ಕರೆಂಟ್’ ಬಿಸಿಲಿನ ಕಾಲಮ್ಮಿಗೆ ಸೇರುತ್ತದೆ. ಯಂತ್ರ ನಿಂತ ಮೇಲೆ ರೋಗಿಯ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ವಿಕಿರಣಶೀಲ ವಸ್ತುವನ್ನು ದೇಹದೊಳಗೇ ಇಟ್ಟು ಚಿಕಿತ್ಸೆ ಕೊಟ್ಟಾಗ ಮಾತ್ರ ವೈದ್ಯರು ಹೇಳುವಷ್ಟು ದಿನ ಎಚ್ಚರ ಬೇಕು. ಹುಡುಗಿಯ ತಾಯಿಗೆ ಯಂತ್ರದ ಚಿಕಿತ್ಸೆಯೇ ಎಂದು ಕೇಳಿ ಖಚಿತಪಡಿಸಿಕೊಂಡೆ. “ಹಂಗಾದ್ರೆ ಇವತ್ತು ಅಮ್ಮನ ಹತ್ರ ಮಲಗ್ತೀನಿ” ಎಂದಳು.

ಆ ಕಥೆ ಹೇಳಿದ್ದಕ್ಕೆ ನನಗೆ ವಿಷಾದವಿಲ್ಲ. ಲುದ್ಮಿಲಾಳ ಕಥೆ ಕೇಳದಿದ್ದರೆ ಹುಡುಗಿ ಬಾಯಿ ಬಿಡುತ್ತಿರಲಿಲ್ಲವೇನೋ. ಆದರೆ ಈಗ ನನ್ನ ಪಾಠ ಯೋಜನೆಯಲ್ಲಿ ಪೀಠಿಕೆಯ ಪಕ್ಕದಲ್ಲೇ ಒಂದು ಪ್ರಶ್ನೆ ಬರೆದುಕೊಳ್ಳುತ್ತೇನೆ: ಇದನ್ನು ನಂಬಿ ಮನೆಗೆ ಹೋದ ಮಗು ಇವತ್ತು ಏನು ಮಾಡೀತು?