ಸ್ಟೇಟಸ್‌ನಲ್ಲಿ ಕಾಣುವ ಖಿನ್ನತೆ: ಗುರುತಿಸುವ ಬಗೆ, ನೆರವಾಗುವ ಬಗೆ

ಖಿನ್ನತೆ ಒಂದೆರಡು ದಿನದ ಬೇಸರವಲ್ಲ. ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕನಿಷ್ಠ 2 ವಾರ ಬಿಡದೆ ಮುಂದುವರಿದು, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟಿದ್ದರೆ ವೈದ್ಯರು ಅದನ್ನು ಕಾಯಿಲೆಯೆಂದು ಪರಿಗಣಿಸುತ್ತಾರೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಇಂಥ ಕಾಯಿಲೆಯುಳ್ಳವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಅನೇಕರು ವಾಟ್ಸಾಪ್ ಸ್ಟೇಟಸ್‌ನಲ್ಲೋ ಇನ್‌ಸ್ಟಾಗ್ರಾಂ ಸ್ಟೋರಿಯಲ್ಲೋ ಹೇಳಿಕೊಳ್ಳುತ್ತಾರೆ.

ಒಂದು ದುಃಖದ ಹಾಡು ಹಾಕಿದ ಮಾತ್ರಕ್ಕೆ ಯಾರೂ ಖಿನ್ನರಲ್ಲ. ಆ ವ್ಯಕ್ತಿಯ ಎಂದಿನ ರೀತಿ ಬದಲಾಗಿದೆಯೇ ಎಂಬುದೇ ಮುಖ್ಯ. ಟ್ವಿಟರ್ ಬಳಕೆದಾರರ ಬಗ್ಗೆ ಮೈಕ್ರೋಸಾಫ್ಟ್ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥ ಬದಲಾವಣೆಗಳನ್ನೇ ಗುರುತಿಸಿತು: ಬೇರೆಯವರೊಂದಿಗೆ ಒಡನಾಟ ಕಡಿಮೆಯಾಗುವುದು, ರಾತ್ರಿ ಹೊತ್ತಿನ ಬರಹ ಹೆಚ್ಚುವುದು, ಮಾತೆಲ್ಲ ತನ್ನ ಸುತ್ತಲೇ ತಿರುಗುವುದು. ಪದವಿ ಕಾಲೇಜಿನ ಅಧ್ಯಾಪಕಿಯಾದ ಈ ಲೇಖಕಿ ಹತ್ತಿರದಿಂದ ಕಂಡ ವಿದ್ಯಾರ್ಥಿಯೊಬ್ಬ ದಿನವೂ ಕ್ರಿಕೆಟ್ ಮೀಮ್ ಹಾಕುತ್ತಿದ್ದವನು. ಆಮೇಲೆ ಅವನ ಡಿಪಿ ಹೋಯಿತು. ಕ್ಲಾಸ್ ಗ್ರೂಪಿನಲ್ಲಿ ಮಾತು ನಿಂತಿತು. ಮಧ್ಯರಾತ್ರಿ ದಾಟಿದ ಮೇಲೆ ಕಪ್ಪು ಪರದೆಯ ಮೇಲೆ ‘ಸಾಕಾಗಿದೆ’ ಎಂಬ ಒಂದೇ ಪದ ಬರತೊಡಗಿತು. ಬೆಳಗಾಗುವಷ್ಟರಲ್ಲಿ ಅದನ್ನೂ ಅಳಿಸಿಬಿಡುತ್ತಿದ್ದ.

ಕೆಲವು ಮಾತುಗಳನ್ನು ಕಂಡಾಗ ತಡಮಾಡಬಾರದು. ‘ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ’ ಎನ್ನುವುದು, ಎಲ್ಲರ ಕ್ಷಮೆ ಕೇಳಿ ವಿದಾಯ ಹೇಳುವುದು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು ಅಪಾಯದ ಸೂಚನೆಗಳು. ‘ಗಮನ ಸೆಳೆಯೋಕೆ ಹೀಗೆ ಮಾಡ್ತಾನೆ’ ಎಂದು ಇವನ್ನು ತಳ್ಳಿಹಾಕುವುದು ಸಲ್ಲದು. ನೋವಿನಲ್ಲಿರುವವರಿಗೆ ಗಮನವೇ ಬೇಕಾಗಿರುತ್ತದೆ.

ಪ್ರತಿಕ್ರಿಯೆ ಎಲ್ಲರ ಕಣ್ಣೆದುರಿನ ಕಮೆಂಟಿನಲ್ಲಿ ಬೇಡ; ಖಾಸಗಿಯಾಗಿ, ಸಾಧ್ಯವಾದರೆ ಫೋನಿನಲ್ಲಿ ಇರಲಿ. ಆ ಪೋಸ್ಟಿನ ಸ್ಕ್ರೀನ್‌ಶಾಟ್ ಬೇರೆ ಗ್ರೂಪುಗಳಿಗೆ ಹೋಗಬಾರದು. ‘ಧೈರ್ಯವಾಗಿರು’, ‘ನಿನಗೇನು ಕಡಿಮೆಯಾಗಿದೆ’ ಎಂಬ ಮಾತುಗಳು ಬಾಗಿಲು ಮುಚ್ಚುತ್ತವೆ. ಆ ವಿದ್ಯಾರ್ಥಿಗೆ ಹೋದ ಸಂದೇಶ ಸರಳವಾಗಿತ್ತು: ‘ನಿನ್ನ ಸ್ಟೇಟಸ್ ನೋಡಿದೆ. ಯಾಕೋ ನಿನ್ನದೇ ಯೋಚನೆ ಆಗ್ತಿದೆ. ಊಟ ಆಯ್ತಾ? ಫೋನ್ ಮಾಡ್ಲಾ?’ ಸ್ವಲ್ಪ ಹೊತ್ತಿಗೆ ಉತ್ತರ ಬಂತು: ‘ನಿದ್ದೆನೇ ಬರ್ತಿಲ್ಲ ಮೇಡಂ.’ ಮಾತು ಅಲ್ಲಿಂದ ಶುರುವಾಯಿತು. ಇಂಥ ಹೊತ್ತಿನಲ್ಲಿ ಉಪದೇಶಕ್ಕಿಂತ ಕೇಳಿಸಿಕೊಳ್ಳುವುದು ದೊಡ್ಡದು.

‘ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಲು ಹಿಂಜರಿಯಬೇಕಿಲ್ಲ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಬದಲಿಗೆ ಒಳಗಿನ ಭಾರ ಇಳಿಸಿಕೊಳ್ಳಲು ಅವಕಾಶ ಸಿಗುತ್ತದೆ. ಉತ್ತರ ‘ಹೌದು’ ಎಂದಾದರೆ ಅವರನ್ನು ಒಂಟಿಯಾಗಿ ಬಿಡದೆ ಮನೆಯವರಿಗೆ ತಿಳಿಸಬೇಕು; ತುರ್ತಿದ್ದರೆ 112ಕ್ಕೆ ಕರೆ ಮಾಡಬೇಕು. ಈ ವಿಷಯದಲ್ಲಿ ಗುಟ್ಟು ಕಾಯುವ ಮಾತು ಕೊಡಬಾರದು. ಪರಿಚಯವಿಲ್ಲದವರ ಪೋಸ್ಟ್ ಆದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಅದನ್ನು ರಿಪೋರ್ಟ್ ಮಾಡಬಹುದು. ರಿಪೋರ್ಟ್ ಮಾಡಿದವರ ಹೆಸರು ಪೋಸ್ಟ್ ಹಾಕಿದವರಿಗೆ ತಿಳಿಯುವುದಿಲ್ಲ. ಯಾರಾದರೂ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದರೆ, ಕೇಸ್ ಆಗುತ್ತದೆಂಬ ಭಯದಿಂದ ಆಸ್ಪತ್ರೆಗೆ ಹೋಗದಿರುವುದೂ ಸರಿಯಲ್ಲ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಭಾವಿಸುತ್ತದೆ.

ನೆರವಿನ ದಾರಿ ಹತ್ತಿರದಲ್ಲೇ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ಆ ವಿದ್ಯಾರ್ಥಿಯೂ ಅಣ್ಣನ ಜೊತೆ ಅಂಥದೇ ಆಸ್ಪತ್ರೆಗೆ ಹೋದ. ನಂಬರ್ ಕಳಿಸಿ ಸುಮ್ಮನಾಗುವುದಕ್ಕಿಂತ ಜೊತೆಗೆ ಕೂತು ಕರೆ ಮಾಡಿಸುವುದು, ಚೀಟಿ ಮಾಡಿಸುವ ಸಾಲಿನಲ್ಲಿ ಜೊತೆ ನಿಲ್ಲುವುದು ಹೆಚ್ಚು ಉಪಯುಕ್ತ.

ಖಿನ್ನತೆಯ ಔಷಧಿಯ ಪರಿಣಾಮ ಕಾಣಲು ಸಾಮಾನ್ಯವಾಗಿ ಕೆಲವು ವಾರ ಬೇಕು. ಅಲ್ಲಿಯವರೆಗೂ ವಿಚಾರಿಸುತ್ತಿರಬೇಕು. ‘ಈಗ ಆರಾಮ’ ಎಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದಂತೆ ನೋಡಿಕೊಳ್ಳಬೇಕು. ಈ ಹೊಣೆ ಒಬ್ಬರ ಮೇಲೇ ಬೀಳದೆ ಮನೆಯವರು, ಗೆಳೆಯರು, ವೈದ್ಯರ ನಡುವೆ ಹಂಚಿಕೆಯಾದಾಗ ಆಸರೆ ಕೊಡುವವರೂ ದಣಿಯುವುದಿಲ್ಲ, ಆಸರೆಯೂ ನಿಲ್ಲುವುದಿಲ್ಲ.