ವೆಲಿಗಾಮದಲ್ಲಿ ಇಬ್ಬರಿಗೂ ಅಲೆ: ಜೋಡಿಗಳಿಗೊಂದು ಸರ್ಫಿಂಗ್ ಕೈಪಿಡಿ

ಸರ್ಫಿಂಗ್ ಪ್ರವಾಸಕ್ಕೆ ಹೊರಡುವ ಜೋಡಿಯಲ್ಲಿ ಇಬ್ಬರಿಗೂ ಒಂದೇ ಮಟ್ಟದ ಅಭ್ಯಾಸವಿರುವುದು ಅಪರೂಪ. ಒಬ್ಬರು ಬೋರ್ಡ್ ಹಿಡಿದು ಪಳಗಿರುತ್ತಾರೆ, ಇನ್ನೊಬ್ಬರಿಗೆ ಎದೆಮಟ್ಟದ ನೀರೆಂದರೂ ಅಳುಕು. ಇಂಥವರಿಗೆ ಶ್ರೀಲಂಕಾದ ದಕ್ಷಿಣ ತೀರ ಹೇಳಿ ಮಾಡಿಸಿದ ಜಾಗ. ಕಲಿಯುವವರಿಗೆ ವೆಲಿಗಾಮದ ಮರಳು ತಳದ ಅಗಲವಾದ ಕೊಲ್ಲಿಯಿದೆ. ಪಳಗಿದವರಿಗೆ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಮಿದಿಗಾಮದ ಬಂಡೆತಳದ ಅಲೆಗಳಿವೆ. ಒಂದೇ ಊರಿನಲ್ಲಿ ಕೋಣೆ ಹಿಡಿದು, ಬೆಳಿಗ್ಗೆ ತಂತಮ್ಮ ಅಲೆಗೆ ಹೋಗಿ, ತಿಂಡಿಗೆ ಒಟ್ಟಿಗೆ ಕೂರಬಹುದು.

ಯಾವಾಗ ಹೋಗಬೇಕು?

ದಕ್ಷಿಣ ತೀರಕ್ಕೆ ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಮೇ ತಿಂಗಳಿಂದ ನೈಋತ್ಯ ಮಾನ್ಸೂನ್ ಗಾಳಿ ಕಡಲ ಕಡೆಯಿಂದ ಬೀಸಿ ಇಲ್ಲಿನ ಅಲೆಗಳನ್ನು ಕದಡಿಬಿಡುತ್ತದೆ. ಅದೇ ಗಾಳಿ ದ್ವೀಪವನ್ನು ದಾಟಿ ಪೂರ್ವ ತೀರಕ್ಕೆ ಬರುವಾಗ ನೆಲದ ಕಡೆಯಿಂದ ಬೀಸುತ್ತದೆ, ಅಲ್ಲಿ ಅಲೆ ಅಚ್ಚುಕಟ್ಟಾಗಿ ಏಳುತ್ತದೆ. ಹಾಗಾಗಿ ಮೇಯಿಂದ ಸೆಪ್ಟೆಂಬರ್‌ವರೆಗೆ ರಜೆ ಸಿಗುವವರು ಪೂರ್ವದ ಅರುಗಂ ಬೇಗೆ ಹೋಗಬೇಕು. ಡಿಸೆಂಬರ್ ಕೊನೆಯಲ್ಲಿ ದಕ್ಷಿಣದಲ್ಲಿ ಜನಸಂದಣಿಯೂ ಕೋಣೆ ಬಾಡಿಗೆಯೂ ಏರುತ್ತವೆ. ಬಿಸಿಲು ಹದವಾಗಿ, ಮಳೆ ಕಡಿಮೆಯಿರುವ ಫೆಬ್ರವರಿ, ಮಾರ್ಚ್ ನನ್ನ ಆಯ್ಕೆ.

ತಲುಪುವುದು ಹೇಗೆ?

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ, ಸುಮಾರು ಒಂದೂವರೆ ಗಂಟೆಯ ಹಾರಾಟ. ಹೊರಡುವ ಮುನ್ನ ಆನ್‌ಲೈನ್‌ನಲ್ಲಿ ಪ್ರಯಾಣದ ಅನುಮತಿ ಪಡೆಯಬೇಕು. ಇದರ ನಿಯಮ, ಶುಲ್ಕ ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಸುವ ದಿನವೇ ಶ್ರೀಲಂಕಾ ಸರ್ಕಾರದ ಜಾಲತಾಣ ನೋಡಿ.

ವಿಮಾನ ನಿಲ್ದಾಣ ಇರುವುದು ಕೊಲಂಬೊದ ಉತ್ತರಕ್ಕೆ, ಕಟುನಾಯಕದಲ್ಲಿ. ಸ್ವಂತ ಬೋರ್ಡ್ ಇದ್ದರೆ ಅಲ್ಲಿಂದಲೇ ಟ್ಯಾಕ್ಸಿ ಮಾಡಿಕೊಂಡು ದಕ್ಷಿಣದ ಎಕ್ಸ್‌ಪ್ರೆಸ್ ಹೆದ್ದಾರಿ ಹಿಡಿಯಿರಿ. ಬರಿ ಬ್ಯಾಗ್ ಇದ್ದರೆ ಕೊಲಂಬೊ ಫೋರ್ಟ್ ನಿಲ್ದಾಣದಿಂದ ಗಾಲೆ ಮಾರ್ಗವಾಗಿ ಮಾತರದತ್ತ ಹೋಗುವ ರೈಲು ಅಗ್ಗ, ಸೊಗಸೂ ಹೌದು. ಬಲಬದಿಯ ಕಿಟಕಿ ಸಿಕ್ಕರೆ ಗಾಲೆಯವರೆಗೆ ಕಡಲು ನಿಮ್ಮ ಜೊತೆಗೇ ಬರುತ್ತದೆ.

ಮೊದಲ ದಿನ ನೀರಿನಲ್ಲಿ

ವೆಲಿಗಾಮ ಕಡಲತೀರದುದ್ದಕ್ಕೂ ಬೋರ್ಡ್ ಬಾಡಿಗೆಗೆ ಕೊಡುವ, ಪಾಠ ಹೇಳುವ ಗುಡಾರಗಳಿವೆ. ದರ ಕೇಳುವಾಗ ಗಂಟೆಗೆಷ್ಟು, ಬೋರ್ಡ್ ಸೇರಿದೆಯೇ, ಒಬ್ಬ ತರಬೇತುದಾರನ ಕೈಕೆಳಗೆ ಎಷ್ಟು ಮಂದಿ ಎಂದು ವಿಚಾರಿಸಿ. ಮೃದುವಾದ ಫೋಮ್ ಹೊದಿಕೆಯ, ಎಂಟೊಂಬತ್ತು ಅಡಿ ಉದ್ದದ ಬೋರ್ಡನ್ನೇ ಕೇಳಿ ಪಡೆಯಿರಿ. ಅದು ಹೆಚ್ಚು ತೇಲುತ್ತದೆ, ಬಡಿದರೂ ಪೆಟ್ಟು ಕಡಿಮೆ.

ಸಂಗಾತಿಗೆ ನೀವೇ ಕಲಿಸಲು ಹೋಗಬೇಡಿ. ಭಯದಲ್ಲಿರುವವರಿಗೆ ಮನೆಯವರ ಅವಸರಕ್ಕಿಂತ ಹೊರಗಿನವರ ತಾಳ್ಮೆ ಹೆಚ್ಚು ಧೈರ್ಯ ಕೊಡುತ್ತದೆ. ಪಾಠ ಶುರುವಾಗುವುದು ಮರಳಿನ ಮೇಲೆ. ಬೋರ್ಡ್ ಮೇಲೆ ಬೋರಲು ಮಲಗಿ, ಅಂಗೈಗಳನ್ನು ಪಕ್ಕೆಲುಬಿನ ಬಳಿ ಊರಿ, ಎದೆಯೆತ್ತಿ, ಒಂದೇ ಸಲಕ್ಕೆ ಎರಡೂ ಪಾದಗಳನ್ನು ಮೈಯ ಕೆಳಗೆ ತರಬೇಕು. ಇದು ಮೈಗೆ ಹತ್ತಿದ ಮೇಲೆ ಸೊಂಟಮಟ್ಟದ ನೀರಿಗೆ ಇಳಿಸುತ್ತಾರೆ. ಅಲೆ ಒಡೆದು ಬಿಳಿ ನೊರೆಯಾಗಿ ಉರುಳಿ ಬರುವಾಗ ತರಬೇತುದಾರ ಹಿಂದಿನಿಂದ ಬೋರ್ಡ್ ತಳ್ಳುತ್ತಾನೆ. ಎದ್ದು ನಿಂತಾಗ ದಡವನ್ನು ನೋಡಿ. ಕಣ್ಣು ಪಾದದ ಮೇಲೆ ಹೋಯಿತೆಂದರೆ ಮೈ ಮುಂದಕ್ಕೆ ವಾಲುತ್ತದೆ, ಬೀಳುತ್ತೀರಿ.

ಬೀಳುವಾಗ ಚಪ್ಪಟೆಯಾಗಿ ಬೀಳಿ, ಮೇಲೆ ಬರುವಾಗ ಕೈಯಿಂದ ತಲೆ ಮುಚ್ಚಿಕೊಳ್ಳಿ. ಬೋರ್ಡನ್ನು ನಿಮಗೂ ಅಲೆಗೂ ನಡುವೆ ಅಡ್ಡ ಹಿಡಿಯಬೇಡಿ. ಅಲೆ ಅದನ್ನು ನಿಮ್ಮ ಮುಖಕ್ಕೇ ಎಸೆಯುತ್ತದೆ.

ಪಳಗಿದವರಿಗೆ

ಮಿದಿಗಾಮದಲ್ಲಿ ಲೇಜಿ ಲೆಫ್ಟ್ ನಿಧಾನವಾಗಿ ಎಡಕ್ಕೆ ಹೊರಳುವ ಉದ್ದದ ಅಲೆ. ರಾಮ್ಸ್ ಬಲಕ್ಕೆ ಹೊರಳುವ ವೇಗದ ಅಲೆ. ನೀರಿನಡಿ ಆಳ ಕಡಿಮೆ, ಬಂಡೆ ಚೂಪು, ಆದ್ದರಿಂದ ಅದು ನಿಜಕ್ಕೂ ನುರಿತವರಿಗೆ ಮಾತ್ರ. ಅಲೆ ಒಡೆಯುವ ತುದಿಗೆ ಹತ್ತಿರ ಇರುವವರಿಗೇ ಆ ಅಲೆಯ ಹಕ್ಕು. ಅವರ ಮುಂದೆ ನುಗ್ಗಬೇಡಿ. ಗಾಳಿ ಏಳುವ ಮುನ್ನ, ಬೆಳಗಿನ ಹೊತ್ತಿನಲ್ಲಿ ಅಲೆ ನುಣುಪಾಗಿರುತ್ತದೆ.

ಸೆಳೆತಕ್ಕೆ ಸಿಕ್ಕಿದರೆ ದಡದತ್ತ ಎದುರೀಜಿ ಸುಸ್ತಾಗಬೇಡಿ. ಬೋರ್ಡ್ ಬಿಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಆಮೇಲೆ ಒಳಗೆ ಬನ್ನಿ.

ಊಟ ಮತ್ತು ಬಿಡುವಿನ ದಿನ

ತಿಂಡಿಗೆ ಬಟ್ಟಲಿನಂತೆ ಬೇಯಿಸಿದ ಗರಿಗರಿ ಆಪ್ಪ ಅಥವಾ ನಮ್ಮ ಒತ್ತುಶ್ಯಾವಿಗೆಯಂಥ ಇಂದಿಆಪ್ಪ ಸಿಗುತ್ತದೆ, ಜೊತೆಗೆ ಸಿಪ್ಪೆ ಸುಲಿದ ಬೇಳೆಯ ಪರಿಪ್ಪು. ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ: ಕಾಯಿತುರಿಯ ಪೊಲ್ ಸಂಬೋಲಕ್ಕೆ, ಕೆಲವೊಮ್ಮೆ ತರಕಾರಿ ಪಲ್ಯಕ್ಕೂ, ಉಂಬಲಕಡ ಎಂಬ ಒಣಮೀನಿನ ಚೂರು ಹಾಕುತ್ತಾರೆ. 'ಉಂಬಲಕಡ ಎಪಾ' ಎಂದು ಮೊದಲೇ ಹೇಳಿದರೆ ಬೇಡವೆಂದು ತಿಳಿದುಕೊಳ್ಳುತ್ತಾರೆ.

ಸತತ ಸರ್ಫಿಂಗ್ ಭುಜ ನೋಯಿಸುತ್ತದೆ, ನಡುವೆ ಒಂದು ದಿನ ಬಿಡುವು ಕೊಡಿ. 1988ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಗಾಲೆ ಕೋಟೆ ರೈಲಿನಲ್ಲಿ ಹತ್ತಿರ. ಮಿರಿಸ್ಸದಿಂದ ನೀಲಿ ತಿಮಿಂಗಿಲ ನೋಡಲು ದೋಣಿಗಳು ಹೊರಡುತ್ತವೆ. ಪ್ರಾಣಿಯಿಂದ ದೂರ ಕಾಯ್ದುಕೊಳ್ಳುವ ದೋಣಿಯವರನ್ನೇ ಆರಿಸಿ. ದೇಗುಲಕ್ಕೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಲಿ, ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ. ಪ್ರತಿ ಹುಣ್ಣಿಮೆಯೂ ಪೋಯ ರಜೆ, ಅಂದು ಮದ್ಯ ಮಾರುವುದಿಲ್ಲ.

ಹೊರಡುವ ಮೊದಲು

ತುಂಬು ತೋಳಿನ ಲೈಕ್ರಾ ಅಂಗಿ ಇಬ್ಬರಿಗೂ ಬೇಕು. ಅದಿಲ್ಲದಿದ್ದರೆ ಬೋರ್ಡ್ ಉಜ್ಜಿ ಎದೆ, ಪಕ್ಕೆಯ ಚರ್ಮ ಕಿತ್ತುಬರುತ್ತದೆ. ಜಿಂಕ್ ಇರುವ ಸನ್‌ಸ್ಕ್ರೀನ್, ಗಾಯದ ಮುಲಾಮು, ಸಾಹಸ ಕ್ರೀಡೆಗೂ ಅನ್ವಯಿಸುವ ಪ್ರವಾಸ ವಿಮೆ ಮರೆಯಬೇಡಿ.

ಸಾಧ್ಯವಾದರೆ ಈ ಪ್ರವಾಸಕ್ಕೂ ಮೊದಲು ನಮ್ಮ ಮೂಲ್ಕಿಗೆ ಹೋಗಿಬನ್ನಿ. ಅಲ್ಲಿನ ಮಂತ್ರ ಸರ್ಫ್ ಕ್ಲಬ್ ಭಾರತದಲ್ಲಿ ಈ ಕ್ರೀಡೆಗೆ ಅಡಿಪಾಯ ಹಾಕಿದ ತಾಣಗಳಲ್ಲೊಂದು. ಅಳುಕಿರುವ ಸಂಗಾತಿ ತನಗಿದು ಹಿಡಿಸುತ್ತದೆಯೇ ಎಂದು ಅಲ್ಲೇ ತಿಳಿದುಕೊಳ್ಳಲಿ. ಈಜು ಬಾರದಿದ್ದರೆ ಟಿಕೆಟ್‌ಗೂ ಮೊದಲು ಊರಿನ ಕೊಳದಲ್ಲಿ ಈಜು ಕಲಿಯಿರಿ. ನೀರಿನ ಭಯ ಮೊದಲು ಇಳಿದಿದ್ದರೆ ವೆಲಿಗಾಮದ ರಜೆ ಇಬ್ಬರದೂ ಆಗುತ್ತದೆ, ಇಲ್ಲವಾದರೆ ಒಬ್ಬರು ಆಡುತ್ತಾರೆ, ಇನ್ನೊಬ್ಬರು ದಡದಲ್ಲಿ ಕಾಯುತ್ತಾರೆ.